ಮನೆಯಂಗಳ: ತಡವಾಗಿ ಅರಳುವ ಸೇವಂತಿಗೆ

ಪುಷ್ಯಮಾಸವು ಬಂದಿತು. ಚೈತ್ರ ವೈಶಾಖಗಳಲ್ಲಿ ಮನೆಮನೆಯ ಅಂಗಳವನ್ನು ಕಂಪಿನಿಂದ ತುಂಬಿದ ಮಲ್ಲಿಗೆಯು ಎಂದೋ ಸುಮ್ಮನಾಯಿತು. ಶ್ರಾವಣದ ಮಳೆಗೆ ಮೈದುಂಬಿ ನಿಂತ ದಾಸವಾಳದ ಉತ್ಸಾಹವೂ ಈಗ ಕುಗ್ಗಿದೆ. ಇಂತಹ ಕಾಲದಲ್ಲಿಯೂ ಯಾವ ಮನೆಯ ದೇವರ ಗೂಡಿನಲ್ಲಿ ಬುಟ್ಟಿ ತುಂಬ ಅಂಗಳದ ಹೂವು ಕಾಣುವುದೋ ಆ ಮನೆಯವರು ಆಷಾಢದಲ್ಲಿಯೇ ಸೇವಂತಿಗೆಯನ್ನು ನೆನೆದವರೆಂದು ತಿಳಿಯಬೇಕು.

ಸಿರುಗುಪ್ಪದ ಸೋದರಿಯೊಬ್ಬರು ಈ ಪುಟಕ್ಕೆ ಪತ್ರ ಬರೆದು ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ಅವರ ಮಗನು ಶೀತದೇಶದಲ್ಲಿದ್ದು, ಅಲ್ಲಿಯ ತೋಟಗಳಲ್ಲಿ ತಡವಾಗಿ ಹೂಬಿಡುವ ಡೇ ಲಿಲಿ ಎಂಬ ಗಿಡದ ಚಿತ್ರಗಳನ್ನು ಕಳುಹಿಸಿರುವನಂತೆ; ಅದು ನಮ್ಮ ಸೀಮೆಯಲ್ಲಿ ಬೆಳೆಯಬಹುದೇ ಎಂಬುದು ಮೊದಲನೆಯದು. ಅವರ ಅಂಗಳದ ಸೇವಂತಿಗೆಯು ಸೊಂಟದೆತ್ತರಕ್ಕೆ ಬೆಳೆದಿದ್ದರೂ ಕಾರ್ತಿಕ ಕಳೆದು ಮಾರ್ಗಶಿರವು ಮುಗಿದರೂ ಒಂದು ಮೊಗ್ಗನ್ನೂ ತೋರಲಿಲ್ಲವೇಕೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವು ಸುಲಭ. ಎರಡನೆಯದಕ್ಕೆ ಉತ್ತರ ಹೇಳುವಾಗ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕಾಗುವುದು.

ಡೇ ಲಿಲಿಯ ಶಾಸ್ತ್ರೀಯ ನಾಮವು ಹೆಮೆರೊಕಾಲಿಸ್. ಗ್ರೀಕ್ ಭಾಷೆಯ ‘ದಿನ’ ಮತ್ತು ‘ಚೆಲುವು’ ಎಂಬೆರಡು ಪದಗಳಿಂದ ಆದದ್ದು. ಬೆಳಿಗ್ಗೆ ಅರಳಿದ ಹೂವು ರಾತ್ರಿಯ ಹೊತ್ತಿಗೆ ಬಾಡುವುದು. ಆದರೆ ಒಂದೊಂದು ದಂಟಿನಲ್ಲಿಯೂ ಹಲವು ಮೊಗ್ಗುಗಳಿರುವುದರಿಂದ ದಿನಕ್ಕೊಂದರಂತೆ ವಾರಗಟ್ಟಲೆ ಹೂವು ತಪ್ಪದು. ಚೀನ, ಕೊರಿಯ, ಜಪಾನು ದೇಶಗಳು ಅದರ ತೌರು. ಚೀನೀಯರು ಅದರ ಮೊಗ್ಗನ್ನು ಒಣಗಿಸಿಟ್ಟು ಅಡಿಗೆಗೂ ಬಳಸುವುದುಂಟು. ಬೇಸಿಗೆಯಲ್ಲಿ ಉಷ್ಣವು 40 ಡಿಗ್ರಿಯನ್ನು ದಾಟುವ ಬಳ್ಳಾರಿಯ ಅಂಗಳದಲ್ಲಿ ಅದನ್ನು ಸಾಕಲು ಪಡುವ ಪಾಡಿಗಿಂತ, ಅದೇ ಪೂರ್ವದೇಶದಿಂದ ಬಂದು ಎಂದೋ ನಮ್ಮವಳಾಗಿ ಹೋದ ಸೇವಂತಿಗೆಯನ್ನು ಸಾಕುವುದು ಜಾಣತನವು. ಅದರ ಹೂವು ಒಂದು ದಿನಕ್ಕೆ ಬಾಡುವುದಲ್ಲ. ಗಿಡದ ಮೇಲೆ ಎರಡು ಮೂರು ವಾರ ನಿಲ್ಲುವುದು, ಕೊಯ್ದ ಮೇಲೂ ಕೆಲವು ದಿನ ಬಣ್ಣಗೆಡದು.

ಹೆಸರಿನ ವಿಷಯದಲ್ಲಿ ಒಂದು ಮಾತು. ಸಂಸ್ಕೃತ ಕೋಶಗಳಲ್ಲಿ ‘ಸೇಮಂತೀ’ ಎಂಬ ಪದಕ್ಕೆ ಬಿಳಿಯ ಗುಲಾಬಿ ಎಂಬ ಅರ್ಥವಿದೆ. ಕನ್ನಡದಲ್ಲಿಯಾದರೋ ಸೇವಂತಿಗೆ ಎಂದೊಡನೆ ಈ ಹಳದಿಯ ಹೂವೇ ಕಣ್ಣಿಗೆ ಕಟ್ಟುವುದು. ಪಾಶ್ಚಾತ್ಯರು ಇದನ್ನು ಕ್ರಿಸಾಂಥಿಮಮ್ ಎನ್ನುವರು. ಆ ಹೆಸರಿಗೂ ‘ಹೊನ್ನ ಹೂವು’ ಎಂದೇ ಅರ್ಥ. ಜಪಾನಿನ ಚಕ್ರವರ್ತಿಯ ಲಾಂಛನವು ಹದಿನಾರು ಎಸಳಿನ ಸೇವಂತಿಗೆಯೇ ಆಗಿರುವುದು. ನಮ್ಮಲ್ಲಿ ಅದಕ್ಕೆ ಸಿಂಹಾಸನವಿಲ್ಲದಿದ್ದರೂ ಹೆಂಗಳೆಯರ ಮುಡಿಯೂ ದೇವರ ಮುಡಿಯೂ ದೊರಕಿವೆ. ಅದು ಕಡಿಮೆಯ ಪದವಿಯೇನಲ್ಲ.

ಇನ್ನು ಮಣ್ಣಿನ ವಿಚಾರ. ನಮ್ಮ ಜಿಲ್ಲೆಯ ಮಣ್ಣು ಒಂದೇ ಬಗೆಯದಲ್ಲ. ಕುರುಗೋಡಿನ ಬೆಟ್ಟಗಳ ಸುತ್ತಿನಲ್ಲಿ ಕೆಂಪಾದ ಮಸಾರಿಯು ಸಿಕ್ಕುವುದು; ನೀರು ನಿಲ್ಲದೆ ಇಳಿದು ಹೋಗುವುದು. ಸೇವಂತಿಗೆಯ ಬೇರಿಗೆ ಇದೇ ಹಿತ. ಸಿರುಗುಪ್ಪದ ಕಡೆಯದು ಬಹುಮಟ್ಟಿಗೆ ಎರೆಯ ಭೂಮಿ. ವಿಜಯನಗರದ ಕಾಲದ ಕಾಲುವೆಗಳು ಆ ಸೀಮೆಗೆ ಮೊದಲೇ ನೀರುಣಿಸಿದ್ದವು. 1945ರಲ್ಲಿ ಕೆಲಸ ಮೊದಲಾಗಿ 1953ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟಿನಿಂದ ಅಲ್ಲಿ ಭತ್ತದ ಸಿರಿಯು ಹೆಚ್ಚಿತು. ಆದರೆ ನೀರು ಹೆಚ್ಚಾಗಿ ನಿಂತ ಕಡೆಗಳಲ್ಲಿ ಭೂಮಿಯು ಸವಳು-ಜವಳಾದುದೂ ಉಂಟು. ಭತ್ತವು ನೀರಿನಲ್ಲಿ ನಿಂತು ನಗುವುದು. ಸೇವಂತಿಗೆಯು ಎರಡು ದಿನ ನೀರಿನಲ್ಲಿ ನಿಂತರೆ ಬೇರು ಕೊಳೆತು ತಲೆಬಾಗಿಸುವುದು. ಆದುದರಿಂದ ಎರೆಯ ಸೀಮೆಯವರು ನೆಲದಲ್ಲಿ ನೆಡುವುದಾದರೆ ಒಂದು ಗೇಣು ಎತ್ತರದ ಏರುಮಡಿಯನ್ನು ಮಾಡಿಕೊಳ್ಳಬೇಕು. ಅದಕ್ಕಿಂತ ಕುಂಡವೇ ಲೇಸು. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ, ಒಂದು ಪಾಲು ಮರಳು ಇವನ್ನು ಬೆರಸಿ ತುಂಬಿದರೆ ಸಾಕು. ಕುಂಡದ ಅಡಿಯ ತೂತು ಮುಚ್ಚದಂತೆ ಹೆಂಚಿನ ಚೂರನ್ನಿಡುವುದನ್ನು ಮರೆಯಬಾರದು. ಬಳ್ಳಾರಿ ನಗರದಲ್ಲಿ ಕೊಳವೆಬಾವಿಯ ನೀರು ಉಪ್ಪಾಗಿರುವ ಮನೆಗಳವರು ಎಲೆಯ ತುದಿಯು ಸುಟ್ಟಂತಾಗುವುದನ್ನು ಕಂಡಿರಬಹುದು. ಅಂಥವರು ಸಾಧ್ಯವಾದಷ್ಟು ಮಳೆಯ ನೀರನ್ನೋ ನಲ್ಲಿಯ ಸಿಹಿನೀರನ್ನೋ ಉಣಿಸಬೇಕು.

ಕೃಷಿಯ ಕ್ರಮವನ್ನು ಮಾಸಾನುಸಾರವಾಗಿ ಹೇಳುವೆನು. ಸೇವಂತಿಗೆಯ ವರ್ಷವು ಯುಗಾದಿಯಿಂದ ಮೊದಲಾಗುವುದಲ್ಲ, ಈಗ ಹೂವು ಮುಗಿಯುವ ಕಾಲದಿಂದಲೇ ಮೊದಲಾಗುವುದು. ಹೂ ತೀರಿದ ಗಿಡವನ್ನು ಕಿತ್ತೆಸೆಯುವವರು ಬಹುಮಂದಿ; ಅದು ದೊಡ್ಡ ನಷ್ಟವು. ನೆಲದಿಂದ ಅರ್ಧ ಗೇಣು ಬಿಟ್ಟು ದಂಟನ್ನು ಕತ್ತರಿಸಿ, ಮೇಲೆ ಸ್ವಲ್ಪ ಗೊಬ್ಬರವನ್ನು ಹರಡಿ, ಹದವಾಗಿ ನೀರು ಕೊಡುತ್ತಿದ್ದರೆ ಬುಡದ ಸುತ್ತಲೂ ಮರಿಗಳೇಳುವುವು. ಈ ಮರಿಗಳೇ ಮುಂದಿನ ವರ್ಷದ ಬಂಡವಾಳ. ಫಾಲ್ಗುಣದಿಂದ ಜ್ಯೇಷ್ಠದವರೆಗಿನ ನಾಲ್ಕು ತಿಂಗಳು ಬಳ್ಳಾರಿಯ ಬಿಸಿಲಿನಿಂದ ಅವುಗಳನ್ನು ಬದುಕಿಸಿಕೊಳ್ಳುವುದೇ ನಿಜವಾದ ಕಷ್ಟ. ಬೇವಿನ ಮರದ ಚದುರು ನೆರಳು, ಇಲ್ಲವೆ ಮನೆಯ ಮೂಡಣ ಗೋಡೆಯ ಮಗ್ಗುಲು ಈ ಕಾಲಕ್ಕೆ ತಕ್ಕುದು. ಮುಂಜಾನೆಯ ಎಳೆಬಿಸಿಲು ಬೀಳಬೇಕು, ಮಧ್ಯಾಹ್ನದ ಕೆಂಡವು ತಪ್ಪಬೇಕು.

ಜ್ಯೇಷ್ಠದ ಕೊನೆಗೆ ಗಾಳಿಯು ತಂಪಾದೊಡನೆ ಒಂದೊಂದು ಮರಿಯನ್ನೂ ಬೇರುಸಹಿತವಾಗಿ ಬಿಡಿಸಿ ಒಂದಡಿಗೊಂದರಂತೆ ನೆಡುವುದು. ಮರಿಗಳು ಸಾಲದಿದ್ದರೆ ಮೂರು ನಾಲ್ಕು ಅಂಗುಲದ ಕುಡಿಗಳನ್ನು ಕತ್ತರಿಸಿ ಒದ್ದೆಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುವುವು. ನೆಟ್ಟ ನಾಲ್ಕು ವಾರಕ್ಕೆ ತುದಿಯ ಕುಡಿಯನ್ನು ಉಗುರಿನಿಂದ ಚಿವುಟಬೇಕು. ಒಂದು ಕುಡಿ ಹೋದರೆ ಪಕ್ಕದಿಂದ ನಾಲ್ಕು ಕವಲು ಒಡೆಯುವುವು. ಆ ಕವಲುಗಳ ತುದಿಯನ್ನು ಮತ್ತೆ ಮೂರು ನಾಲ್ಕು ವಾರಕ್ಕೆ ಚಿವುಟುವುದು. ಹೊಸಬರಿಗೆ ಕೈ ನಡುಗುವುದು ಸಹಜ. ಆದರೆ ಚಿವುಟದ ಗಿಡವು ಕೋಲಿನಂತೆ ನಿಮಿರಿ ನಾಲ್ಕು ಹೂವನ್ನು ಕೊಟ್ಟು ಮುಗಿಸಿದರೆ, ಚಿವುಟಿದ್ದು ಬುಟ್ಟಿಯಂತೆ ಹರಡಿ ಮಾರುಗಟ್ಟಲೆ ಮಾಲೆಯನ್ನು ಕೊಡುವುದು. ಶ್ರಾವಣವು ಮುಗಿದ ಮೇಲೆ ಚಿವುಟಬಾರದು. ಆಗ ಗಿಡವು ಎಲೆಯ ಚಿಂತೆಯನ್ನು ಬಿಟ್ಟು ಹೂವಿನ ಚಿಂತೆಗೆ ತೊಡಗಿರುವುದು.

ನೀರಿನ ವಿಷಯದಲ್ಲಿ ಹಿರಿಯರ ಮಾತು ಇಂದಿಗೂ ಸಲ್ಲುವುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಒಂದು ಅಧ್ಯಾಯವೇ ಇದೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವೂ ಈ ವಿದ್ಯೆಯನ್ನು ಒಳಗೊಂಡಿದೆ. ನೆಟ್ಟ ಗಿಡಗಳಿಗೆ ಬೇಸಿಗೆಯಲ್ಲಿ ಸಂಜೆ ಮುಂಜಾನೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ಮಣ್ಣು ಒಣಗಿದಾಗ ಮಾತ್ರ ನೀರೆರೆಯಬೇಕೆಂಬುದು ವರಾಹಮಿಹಿರನ ವಿಧಿಯ ತಾತ್ಪರ್ಯ. ಎಲೆಯಡಿಯಲ್ಲಿ ಕಪ್ಪು ಹೇನು ಮುತ್ತಿದರೆ, ಬೇವಿನ ಬೀಜ 50 ಗ್ರಾಂ ಕುಟ್ಟಿ ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನನ್ನು ಕದಡಿ, ಇಳಿಹೊತ್ತಿನಲ್ಲಿ ಸಿಂಪಡಿಸಿದರೆ ಹತೋಟಿಗೆ ಬರುವುದು. ಬುಡದ ಎಲೆಗಳಲ್ಲಿ ಕಂದು ಚುಕ್ಕೆಗಳೆದ್ದರೆ ಅವುಗಳನ್ನು ತೆಗೆದು ದೂರ ಹಾಕುವುದು. ಎಲೆಯನ್ನು ತೋಯಿಸದೆ ಬುಡಕ್ಕೆ ಮಾತ್ರ ನೀರುಣಿಸುವುದು.

ಇಷ್ಟನ್ನು ಮಾಡಿದವರಿಗೆ ಆಶ್ವಯುಜದಲ್ಲಿ ಮೊಗ್ಗು, ಕಾರ್ತಿಕದಲ್ಲಿ ಹೂವು ಎಂಬುದು ನಿಯಮ. ಆದರೆ ಇಷ್ಟನ್ನೂ ಬಲ್ಲ ನನ್ನ ಅಂಗಳದಲ್ಲಿಯೇ ಎರಡು ವರ್ಷಗಳ ಹಿಂದೆ ಆ ನಿಯಮವು ತಪ್ಪಿತು.

ನಮ್ಮ ಮನೆಯ ಸೇವಂತಿಗೆಯ ತಳಿಯು ಕುರುಗೋಡಿನದು. ದೊಡ್ಡಬಸವೇಶ್ವರನ ಬೃಹತ್ ನಂದಿಯನ್ನು ನೋಡಿದ ವಾಚಕರಿಗೆ ಆ ಊರಿನ ಪರಿಚಯವಿರುವುದು. ಮೂವತ್ತು ವರ್ಷಗಳಿಗೂ ಹಿಂದೆ, ಮದುವೆಯಾದ ವರ್ಷ, ನನ್ನ ಅತ್ತೆಯವರು ಮೂರು ಮರಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಮಗಳ ಮಡಿಲಿನಲ್ಲಿಟ್ಟಿದ್ದರು. ಚಿಕ್ಕ ಹೂವಿನ ಹಳದಿಯ ಜಾತಿ. ಅಂಗಡಿಯಲ್ಲಿ ಈಗ ದೊರೆಯುವ ದೊಡ್ಡ ಹೂವಿನ ಮುಂದೆ ಅದು ಕಣ್ಣಿಗೆ ಬೀಳದು. ಆದರೆ ಅದರ ಕಂಪು ಇದಕ್ಕಿಲ್ಲ. ಪ್ರತಿ ಕಾರ್ತಿಕದಲ್ಲಿಯೂ ಮೊದಲ ಕೊಯ್ಲಿನ ಬುಟ್ಟಿಯನ್ನು ಮನೆಯಾಕೆಯು ಕುರುಗೋಡಿಗೆ ಒಯ್ಯುವುದು ಪದ್ಧತಿ. ಅತ್ತೆಯವರಿಗೆ ಕಡೆಗಾಲದಲ್ಲಿ ಕಣ್ಣು ಮಂಜಾಗಿತ್ತು. ಹೂವನ್ನು ಬೆರಳಿನಿಂದ ಮುಟ್ಟಿ, ಮೂಸಿ, ‘ಇದು ನಮ್ಮದೇ’ ಎನ್ನುವರು.

ನಾನು ಶಾಲೆಯಿಂದ ನಿವೃತ್ತನಾದ ವರ್ಷ, ಓಣಿಯ ಮಕ್ಕಳಿಗೆ ಸಂಜೆ ಸಂಸ್ಕೃತವನ್ನು ಹೇಳಿಕೊಡಲು ಮೊದಲು ಮಾಡಿದೆನು. ಜಗಲಿಯ ಮೇಲೆ ಕಣ್ಣು ಕುಕ್ಕುವಂತಹ ಎಲ್‌ಇಡಿ ದೀಪವೊಂದನ್ನು ಹಾಕಿಸಿದೆನು. ಪಾಠ ಮುಗಿದ ಮೇಲೂ ಕಳ್ಳರ ಭಯಕ್ಕೆಂದು ಅದು ಬೆಳಗಿನವರೆಗೆ ಉರಿಯುತ್ತಿತ್ತು. ಜಗಲಿಯ ಕೆಳಗಡೆಯೇ ಸೇವಂತಿಗೆಯ ಹತ್ತು ಕುಂಡಗಳು. ಆ ವರ್ಷ ಗಿಡಗಳು ಎಂದಿಗಿಂತ ಸೊಂಪಾಗಿ ಬೆಳೆದುವು. ಆಶ್ವಯುಜ ಬಂದರೂ ಮೊಗ್ಗಿಲ್ಲ. ಮನೆಯಾಕೆಯು ಒಂದು ರಾತ್ರಿ ಬಾಗಿಲಿಕ್ಕಲು ಬಂದವಳು ನಿಂತು ನೋಡಿ, ‘ಹಿಂಗ ರಾತ್ರಿಯೆಲ್ಲ ದೀಪ ಉರಿದರ ಗಿಡಕ್ಕ ನಿದ್ದಿ ಹೆಂಗ ಬರ್ತದರೀ?’ ಎಂದಳು. ನಾನು ನಕ್ಕೆನು. ಗಿಡಕ್ಕೆ ಕಣ್ಣುಂಟೇ, ರೆಪ್ಪೆಯುಂಟೇ ಎಂದು ಮಕ್ಕಳೆದುರಿಗೆ ಹಾಸ್ಯವನ್ನೂ ಮಾಡಿದೆನು. ಕಮಲವು ಸೂರ್ಯನಿಗೆ ಅರಳುವುದು, ಕುಮುದವು ಚಂದ್ರನಿಗೆ ಅರಳುವುದು ಎಂದು ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ನನ್ನ ಜಗಲಿಯ ದೀಪಕ್ಕೂ ನನ್ನ ಗಿಡಕ್ಕೂ ನಂಟಿರಬಹುದೆಂಬುದು ತೋರಲಿಲ್ಲ. ಪೋಷಣೆಯು ಸಾಲದೆಂದು ಗೊಬ್ಬರವನ್ನು ಹೆಚ್ಚಿಸಿದೆನು. ವರಾಹಮಿಹಿರನನ್ನು ಮರೆತು ನಿತ್ಯವೂ ನೀರೆರೆದೆನು. ನಾಲ್ಕು ಕುಂಡಗಳು ಬೇರು ಕೊಳೆತು ಸತ್ತುವು.

ಕಾರ್ತಿಕದಲ್ಲಿ ಮನೆಯಾಕೆಯು ಬರಿಗೈಯಲ್ಲಿ ಕುರುಗೋಡಿಗೆ ಹೋದಳು. ಹಾಸಿಗೆ ಹಿಡಿದಿದ್ದ ತಾಯಿಯು ‘ಈ ಸಲ ಹೂ ತಡವೇನವ್ವ?’ ಎಂದು ಕೇಳಿದರಂತೆ. ‘ಬರ್ತಾವವ್ವ’ ಎಂದು ಹೇಳಿ ಬಂದವಳು, ನನ್ನೊಡನೆ ವಾದ ಮಾಡದೆ, ಆ ಸಂಜೆಯಿಂದಲೇ ಒಂದು ಕುಂಡದ ಮೇಲೆ ದೊಡ್ಡ ಪುಟ್ಟಿಯನ್ನು ಕವಿಚಿ ಅದರ ಮೇಲೆ ಗೋಣಿಯನ್ನು ಹೊದಿಸತೊಡಗಿದಳು. ದೀಪ ಹಚ್ಚುವ ಹೊತ್ತಿಗೆ ಹೊದಿಸುವುದು, ಬೆಳಿಗ್ಗೆ ರಂಗೋಲಿಯ ಹೊತ್ತಿಗೆ ತೆಗೆಯುವುದು. ನಾಲ್ಕು ವಾರ ಕಳೆಯುವುದರೊಳಗೆ ಆ ಒಂದು ಕುಂಡದಲ್ಲಿ ಕಡಲೆಕಾಳಿನಂತಹ ಮೊಗ್ಗುಗಳೆದ್ದುವು. ಮಿಕ್ಕ ಐದರಲ್ಲಿ ಎಲೆಯಲ್ಲದೆ ಮತ್ತೇನೂ ಇಲ್ಲ. ಅಂದಿನ ರಾತ್ರಿಯೇ ದೀಪವನ್ನು ಆರಿಸಿದೆನು.

ಆಮೇಲೆ ಪುಸ್ತಕಗಳನ್ನು ತೆರೆದು ನೋಡಿದೆನು. 1920ರಲ್ಲಿಯೇ ಗಾರ್ನರ್, ಅಲಾರ್ಡ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಹೊಗೆಸೊಪ್ಪಿನ ಒಂದು ಜಾತಿಯನ್ನೂ ಸೋಯಾ ಅವರೆಯನ್ನೂ ಪರೀಕ್ಷಿಸಿ, ಹಗಲಿರುಳುಗಳ ಉದ್ದವೇ ಹೂಬಿಡುವ ಕಾಲವನ್ನು ನಿರ್ಣಯಿಸುವುದೆಂದು ಪ್ರಕಟಿಸಿದ್ದರು. ಅನಂತರದ ಪರೀಕ್ಷೆಗಳಿಂದ ಇಂತಹ ಗಿಡಗಳು ಲೆಕ್ಕವಿಡುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂಬುದು ಗೊತ್ತಾಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವೇ ಈ ಕೆಲಸದ ಗಡಿಯಾರಕ್ಕೆ ಕಣ್ಣು. 1959ರಲ್ಲಿ ಅದನ್ನು ಗುರುತಿಸಿದರು. ನಮ್ಮ ಬಳ್ಳಾರಿಯಲ್ಲಿ ಆಷಾಢದ ಹಗಲು ಸುಮಾರು 13 ಗಂಟೆ, ಮಾರ್ಗಶಿರ ಪುಷ್ಯಗಳದು ಸುಮಾರು ಹನ್ನೊಂದೂಕಾಲು ಗಂಟೆ. ಇಷ್ಟೇ ಅಂತರವನ್ನು ಹಿಡಿದು, ಇರುಳು ಬೆಳೆಯುತ್ತ ಬಂದಿತೆಂಬುದನ್ನು ಅರಿತು, ಸೇವಂತಿಗೆಯು ಮೊಗ್ಗಿಡುವುದು. ನಡುವಿರುಳಿನಲ್ಲಿ ದೀಪದ ಬೆಳಕು ಬಿದ್ದರೆ ಉದ್ದವಾದ ಒಂದು ಇರುಳು ಅದರ ಲೆಕ್ಕಕ್ಕೆ ಎರಡು ತುಂಡಿರುಳುಗಳಾಗಿ, ಇನ್ನೂ ಆಷಾಢವೇ ಎಂದು ಅದು ಎಲೆಯನ್ನೇ ಬೆಳೆಸುತ್ತ ಕುಳಿತಿರುವುದು. ಬೆಂಗಳೂರಿನ ಉತ್ತರಕ್ಕೆ ಚಿಕ್ಕಬಳ್ಳಾಪುರದ ಕಡೆ ರೈತರು ಸೇವಂತಿಗೆಯ ಹೊಲಗಳಲ್ಲಿ ರಾತ್ರಿ ಸಾಲುದೀಪಗಳನ್ನು ಉರಿಸುವುದು ಇದಕ್ಕಾಗಿಯೇ. ಹೂವನ್ನು ಬೇಕಾದ ಹಬ್ಬದ ಬೆಲೆಗೆ ತಡೆದು ನಿಲ್ಲಿಸುವ ಉಪಾಯವದು. ಅವರು ತಿಳಿದು ಮಾಡುವುದನ್ನು ನಾನು ತಿಳಿಯದೆ ಮಾಡಿದ್ದೆನು. ಬೆಳುದಿಂಗಳಿನಿಂದ ಬಾಧೆಯಾಗದೇ ಎಂದು ಕೇಳುವವರಿಗೆ, ಆಗದೆಂದೇ ಉತ್ತರ. ಹುಣ್ಣಿಮೆಯ ಬೆಳಕು ಈ ಗಿಡದ ಲೆಕ್ಕವನ್ನು ಕೆಡಿಸುವಷ್ಟು ಬಲವುಳ್ಳದ್ದಲ್ಲ.

ಪುಟ್ಟಿಯಡಿಯ ಆ ಕುಂಡವು ಪುಷ್ಯದ ನಡುವಿನಲ್ಲಿ ಅರಳಿತು. ಅತ್ತೆಯವರು ಪುಷ್ಯದ ಮೊದಲಲ್ಲಿಯೇ ತೀರಿಕೊಂಡಿದ್ದರು. ಮಿಕ್ಕ ಗಿಡಗಳ ಹೂವು ಮಾಘದ ಕೊನೆಗೆ ಬಂದಿತು. ಅದನ್ನು ಕುರುಗೋಡಿಗೆ ಒಯ್ದು ಅವರ ಪಟದ ಮುಂದಿರಿಸಿದೆವು. ಆಶ್ವಯುಜದ ಆ ರಾತ್ರಿ ನಗುವ ಬದಲು ಎದ್ದು ಗುಂಡಿಯನ್ನೊತ್ತಿದ್ದರೆ, ಮಾರ್ಗಶಿರದಲ್ಲಿ ಅವರ ಕೈಗೆ ಹೂವು ಸಿಕ್ಕುತ್ತಿತ್ತು. ಮನೆಯಾಕೆಯು ಈ ಮಾತನ್ನು ಇದುವರೆಗೆ ಒಮ್ಮೆಯೂ ಆಡಿಲ್ಲ. ಅದಕ್ಕಾಗಿಯೇ ನಾನು ಇಲ್ಲಿ ಬರೆಯಬೇಕಾಯಿತು.

ಈಗ ನಮ್ಮ ಮನೆಯ ಪಾಠವು ಬೆಳಗಿನ ಆರು ಗಂಟೆಗೆ ನಡೆಯುವುದು. ಜಗಲಿಯ ದೀಪಕ್ಕೆ ತಗಡಿನ ಮರೆಯನ್ನು ಕಟ್ಟಿಸಿದ್ದೇನೆ. ಬೆಳಕು ಬಾಗಿಲಿಗೆ ಬೀಳುವುದು, ಕುಂಡಗಳಿಗೆ ಬೀಳದು. ಇನ್ನೊಂದು ಕೆಲಸವನ್ನೂ ಮಾಡಿದೆವು. ಕುರುಗೋಡಿನ ಮನೆಯಲ್ಲಿದ್ದ ಮೂಲದ ಗಿಡವು ಎಂದೋ ಒಂದು ಬೇಸಿಗೆಯಲ್ಲಿ ಒಣಗಿ ಹೋಗಿತ್ತು. ಹೋದ ಆಷಾಢದಲ್ಲಿ ಮೂರು ಮರಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಅಲ್ಲಿಗೆ ಮರಳಿ ಕೊಟ್ಟು ಬಂದೆವು. ಈ ಕಾರ್ತಿಕದಲ್ಲಿ ಅಲ್ಲಿಂದ ನಮಗೆ ಹೂವು ಬಂದಿತು.

ಸಿರುಗುಪ್ಪದ ಸೋದರಿಯವರಿಗೆ ಇನ್ನು ನನ್ನ ಉತ್ತರವಿಷ್ಟೆ. ಈ ರಾತ್ರಿ ಹತ್ತು ಗಂಟೆಗೆ ಅಂಗಳಕ್ಕಿಳಿದು ಸೇವಂತಿಗೆಯ ಬಳಿ ನಿಂತು ನೋಡಿರಿ. ಬೀದಿಯ ಕಂಬದಿಂದಲೋ, ನೆರೆಮನೆಯಿಂದಲೋ, ನಿಮ್ಮ ಜಗಲಿಯಿಂದಲೋ ಬಿದ್ದ ಬೆಳಕಿನಲ್ಲಿ ನಿಮ್ಮ ನೆರಳು ಗಿಡದ ಮೇಲೆ ಮೂಡುವುದಾದರೆ ರೋಗವು ಮಣ್ಣಿನಲ್ಲಿಲ್ಲ. ದೀಪವು ನಿಮ್ಮದಾದರೆ ಆರಿಸಿರಿ. ಬೀದಿಯದಾದರೆ ಕುಂಡವನ್ನು ಹಿತ್ತಿಲ ಕತ್ತಲೆಗೆ ಸಾಗಿಸಿರಿ. ಸಾಗಿಸಲಾಗದಿದ್ದರೆ ಪುಟ್ಟಿ ಗೋಣಿಗಳಿವೆ. ಹೊದಿಸಿದ್ದನ್ನು ಒಂದು ರಾತ್ರಿಯೂ ತಪ್ಪಿಸಬಾರದು, ಬೆಳಿಗ್ಗೆ ತೆಗೆಯಲು ಮರೆಯಲೂ ಬಾರದು. ಇಂದು ಮೊದಲು ಮಾಡಿದರೆ ಫಾಲ್ಗುಣಕ್ಕೆ ಹೂವು ಕಾಣಬಹುದು. ಹೂವು ಮುಗಿದ ಮೇಲೆ ಗಿಡವನ್ನು ಕೀಳದೆ ಮರಿಗಳನ್ನು ಉಳಿಸಿಕೊಳ್ಳಿರಿ. ಉಳಿದವುಗಳಲ್ಲಿ ಎರಡನ್ನು ಬೇರೊಂದು ಮನೆಗೂ ಕೊಡಿರಿ. ಒಂದೇ ಅಂಗಳದಲ್ಲಿರುವ ತಳಿಯು ಒಂದು ಬೇಸಿಗೆಗೆ ನಾಶವಾಗಬಹುದು. ಎರಡು ಮನೆಗಳಲ್ಲಿದ್ದರೆ ಅಷ್ಟು ಸುಲಭವಾಗಿ ಅಳಿಯದು.